ಕಿಟ್ ಕಾರಿನ ಸಂದುಗಳು: ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು

ಮನೆಯ ಶೆಡ್ಡಿನಲ್ಲಿ ಕಟ್ಟಿದ ಕಾರನ್ನು ನೋಡಲು ಬಂದವರು ಎಂಜಿನ್ ಯಾವುದು, ಗೇರ್‌ಬಾಕ್ಸ್ ಎಲ್ಲಿಯದು ಎಂದು ವಿಚಾರಿಸುವುದು ಆಮೇಲಿನ ಮಾತು. ಅವರ ಕಣ್ಣು ಮೊದಲು ಹೋಗುವುದು ಬಾಗಿಲಿಗೂ ಬಾಡಿಗೂ ನಡುವಿನ ಗೆರೆಯ ಕಡೆಗೆ. ಮೇಲ್ಗಡೆ 3 ಮಿಲಿಮೀಟರ್ ಇರುವ ಸಂದು ಕೆಳಗಿಳಿಯುತ್ತ 7 ಮಿಲಿಮೀಟರ್ ಆಗಿದ್ದರೆ, ಅಥವಾ ಮಡ್‌ಗಾರ್ಡ್ ಬಾಡಿಗೆ ಸೇರುವಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕೊಂದು ಓಡಿದ್ದರೆ, ಎಷ್ಟೇ ದುಬಾರಿ ಬಣ್ಣ ಹೊಡೆಸಿದ್ದರೂ ಕಾರಿನ ಅಂದ ಅಲ್ಲಿಗೆ ಮುಗಿಯಿತು. ಇದಕ್ಕೆ ಮದ್ದು ಇನ್ನಷ್ಟು ಪುಟ್ಟಿ ಎಂದು ಹೆಚ್ಚಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಆ ಬಿರುಕಿಗೆ ಕಾರಣವೇ ಪುಟ್ಟಿ. ಅಲುಗಾಡುವ ಸಂದನ್ನು ಗಟ್ಟಿಯಾಗುವ ವಸ್ತುವಿನಿಂದ ತುಂಬಿದರೆ ಅದು ಒಡೆಯಲೇಬೇಕು. ಆದ್ದರಿಂದ ಸಂದಿನ ಕೆಲಸ ಪುಟ್ಟಿಯ ಡಬ್ಬಿ ತೆರೆಯುವುದಕ್ಕೆ ಬಹಳ ಮೊದಲೇ, ಯಾವ ಸಂದು ಅಲುಗಾಡುತ್ತದೆ, ಯಾವುದು ಅಲುಗಾಡದು ಎಂದು ತೀರ್ಮಾನಿಸುವಲ್ಲಿ ಆರಂಭವಾಗುತ್ತದೆ.

ಕಿಟ್ ಕಾರು ಎಂದರೆ ಬಿಡಿ ಭಾಗಗಳ ರೂಪದಲ್ಲಿ ಕೊಂಡು, ಇನ್ನೊಂದು ವಾಹನದ ಎಂಜಿನ್, ಆಕ್ಸಲ್ ಮುಂತಾದವನ್ನು ಸೇರಿಸಿ ಮನೆಯಲ್ಲೇ ಜೋಡಿಸುವ ಕಾರು. 1957ರಲ್ಲಿ ಬ್ರಿಟನ್ನಿನಲ್ಲಿ ಬಂದ ಲೋಟಸ್ ಸೆವೆನ್ ಇದರ ಪ್ರಸಿದ್ಧ ಮಾದರಿ. ಪೂರ್ಣ ಕಾರಿನ ಮೇಲಿದ್ದ ಖರೀದಿ ತೆರಿಗೆ ಬಿಡಿ ಭಾಗಗಳಿಗೆ ಅನ್ವಯಿಸದ ಕಾರಣ ಅಲ್ಲಿ ಈ ಪದ್ಧತಿ ಬೆಳೆಯಿತು. 1973ರಲ್ಲಿ ಅಲ್ಲಿಯ ತೆರಿಗೆ ವ್ಯವಸ್ಥೆ ಬದಲಾದಾಗ ಆ ಅನುಕೂಲ ಹೋಯಿತಾದರೂ, ಸೆವೆನ್ನಿನ ಹಕ್ಕನ್ನು ಪಡೆದ ಕೇಟರ್‌ಹ್ಯಾಮ್ ಕಂಪೆನಿ ಅದನ್ನು ಮುಂದುವರಿಸಿತು. ಅಮೆರಿಕದಲ್ಲಿ 1964ರಲ್ಲಿ ಬ್ರೂಸ್ ಮೈಯರ್ಸ್ ಎಂಬವರು ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳ ಮೇಲೆ ಫೈಬರ್ ಬಾಡಿ ಕೂರಿಸಿ ಮೈಯರ್ಸ್ ಮ್ಯಾಂಕ್ಸ್ ಎಂಬ ಮರಳುದಿಣ್ಣೆಯ ಗಾಡಿಯನ್ನು ಮಾಡಿದರು. ಅವರು ಅದಕ್ಕೆ ಮೊದಲು ಫೈಬರ್ ದೋಣಿಗಳ ಕೆಲಸ ಮಾಡಿದವರು ಎಂಬುದು ನಮ್ಮ ಕರಾವಳಿಯವರು ಗಮನಿಸಬೇಕಾದ ಸಂಗತಿ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ತೀರದಲ್ಲಿ ಫೈಬರ್ ದೋಣಿಗಳಿಗೆ ಗಾಜಿನ ನಾರಿನ ಮ್ಯಾಟ್ ಹಾಸಿ, ಗಟ್ಟಿಯಾಗುವ ಅಂಟುದ್ರವವಾದ ರೆಸಿನ್ ಬಳಿಯುವ ಕೈಗಳಿಗೆ ಕಾರಿನ ಫೈಬರ್ ಕೆಲಸದ ಮುಕ್ಕಾಲು ಪಾಲು ಈಗಾಗಲೇ ಗೊತ್ತಿದೆ. ಉಳಿದ ಕಾಲು ಪಾಲು ದೋಣಿಯಲ್ಲಿ ಇಲ್ಲದ ವಿಷಯ: ತೆರೆದು ಮುಚ್ಚುವ ಬಾಗಿಲು, ಬಾನೆಟ್, ಡಿಕ್ಕಿ. ನಮ್ಮ ದೇಶದಲ್ಲಿಯೂ ಬೆಂಗಳೂರಿನ ಸಿಪಾನಿ ಕಂಪೆನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಬಾಡಿಯ ಪುಟ್ಟ ಕಾರನ್ನು ತಯಾರಿಸಿತ್ತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಕಟ್ಟಿದ ಕಾರನ್ನು ನಮ್ಮಲ್ಲಿ ಸಾರ್ವಜನಿಕ ರಸ್ತೆಗೆ ಇಳಿಸುವುದು ಸುಲಭವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಹೊಸ ಮಾದರಿಯ ವಾಹನವಾದರೆ 1989ರ ಕೇಂದ್ರ ನಿಯಮಗಳ 126ನೇ ನಿಯಮದಂತೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೊಳಪಡಬೇಕು. ಹಣ ಸುರಿಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ತೋಟದ ದಾರಿಯಲ್ಲಿ, ಖಾಸಗಿ ಟ್ರ್ಯಾಕ್‌ನಲ್ಲಿ ಓಡಿಸುವ ಕಾರಾದರೂ ಸಂದುಗಳ ಲೆಕ್ಕಾಚಾರದಲ್ಲಿ ವ್ಯತ್ಯಾಸವಿಲ್ಲ.

ಅಲುಗಾಟ ಎಲ್ಲಿಂದ ಬರುತ್ತದೆ

ಕಾರಿನ ಬಾಡಿಯಲ್ಲಿ ಮೂರು ಬಗೆಯ ಸಂದುಗಳಿವೆ. ಬಾಗಿಲು, ಬಾನೆಟ್, ಡಿಕ್ಕಿಗಳ ಸುತ್ತ ಇರುವ ತೆರೆದ ಸಂದುಗಳು ಮೊದಲನೆಯವು, ಇವು ಇರಲೇಬೇಕು. ಬೋಲ್ಟು ಹಾಕಿ ಕೂಡಿಸಿದ, ಎಂದಾದರೂ ಬಿಚ್ಚಬೇಕಾಗಬಹುದಾದ ಮಡ್‌ಗಾರ್ಡ್‌ನಂಥ ಭಾಗಗಳ ಸಂದುಗಳು ಎರಡನೆಯವು. ಬಾಡಿಯ ಎರಡು ತುಂಡುಗಳನ್ನು ಶಾಶ್ವತವಾಗಿ ಬೆಸೆದು ಒಂದಾಗಿಸುವ ಸಂದುಗಳು ಮೂರನೆಯವು. ಪುಟ್ಟಿ ಹಚ್ಚಿ ಕಾಣದಂತೆ ಮಾಡಲು ಯೋಗ್ಯವಾದದ್ದು ಮೂರನೆಯದು ಮಾತ್ರ, ಅದೂ ಸರಿಯಾಗಿ ಬೆಸೆದ ಮೇಲೆ. ಎರಡನೆಯದನ್ನು ಮೂರನೆಯದರಂತೆ ಕಾಣಿಸಲು ಹೊರಟಲ್ಲೇ ಹೆಚ್ಚಿನ ಕಾರುಗಳು ಕೆಡುತ್ತವೆ.

ಅಲುಗಾಟಕ್ಕೆ ಎರಡು ಮೂಲಗಳು. ಒಂದು ಚಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ತಿರುಚುವಿಕೆ. ಹೊಂಡದಲ್ಲಿ ಒಂದು ಚಕ್ರ ಇಳಿದಾಗ ಇಡೀ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ; ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಇದು ಇನ್ನೂ ಹೆಚ್ಚು. ಎರಡನೆಯದು ಬಿಸಿಲು. ಉಷ್ಣತೆ 40 ಡಿಗ್ರಿ ಏರಿದರೆ 1 ಮೀಟರ್ ಉದ್ದದ ಉಕ್ಕು ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ ಉದ್ದದ ಅಲ್ಯೂಮಿನಿಯಂ 0.9 ಮಿಲಿಮೀಟರ್ ಬೆಳೆಯುತ್ತದೆ, ಪಾಲಿಯೆಸ್ಟರ್ ರೆಸಿನ್ ಮತ್ತು ಮ್ಯಾಟ್‌ನಿಂದ ಮಾಡಿದ ಫೈಬರ್ ಅದಕ್ಕಿಂತ ತುಸು ಹೆಚ್ಚೇ. 40 ಡಿಗ್ರಿ ಎಂಬುದು ಉತ್ಪ್ರೇಕ್ಷೆಯಲ್ಲ: ಬೆಳಗ್ಗೆ ಇಬ್ಬನಿಯಲ್ಲಿ ನಿಂತ ಗಾಢ ಬಣ್ಣದ ಬಾನೆಟ್ ಏಪ್ರಿಲ್ ತಿಂಗಳ ಮಧ್ಯಾಹ್ನ ಕೈಯಿಡಲಾಗದಷ್ಟು ಕಾಯುತ್ತದೆ. ಉಕ್ಕಿನ ಚಾಸಿಗೆ ಬಿಗಿದ ಫೈಬರ್ ಮಡ್‌ಗಾರ್ಡ್ ದಿನಾಲೂ ಹೀಗೆ ಹಿಗ್ಗುತ್ತ ಕುಗ್ಗುತ್ತ ಇರುವಾಗ, ಅವೆರಡರ ನಡುವೆ ತುಂಬಿದ ಒಂದು ಪದರ ಪುಟ್ಟಿ ಎಷ್ಟು ಕಾಲ ತಾಳೀತು?

ಹಳೆಯ ಮನೆಗಳ ಹಲಸಿನ ಮರದ ಬಾಗಿಲನ್ನು ಮಾಡಿದ ಆಚಾರಿ ಬೇಸಗೆಯಲ್ಲಿ ಸಂದು ಕಂಡರೂ ಮುಚ್ಚದೆ ಬಿಡುತ್ತಿದ್ದುದು ಇದೇ ಲೆಕ್ಕದಿಂದ. ಆಟಿ ತಿಂಗಳ ಮಳೆಯಲ್ಲಿ ಮರ ಉಬ್ಬಿದಾಗ ಆ ಸಂದೇ ಬಾಗಿಲನ್ನು ಕಾಪಾಡುತ್ತಿತ್ತು.

ಮಡ್‌ಗಾರ್ಡ್‌ನ ಸಂದಿಗೆ ಬೀಟಲ್ ಕಾರಿನಲ್ಲಿ, ಬ್ರಿಟನ್ನಿನ ಮಾರ್ಗನ್ ಕಾರುಗಳಲ್ಲಿ ಕಂಡುಕೊಂಡ ಉಪಾಯ ಸರಳವಾಗಿದೆ. ಎರಡು ಭಾಗಗಳ ನಡುವೆ ದುಂಡು ಅಂಚಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಬೀಡಿಂಗ್ ಇಟ್ಟು ಬೋಲ್ಟು ಬಿಗಿಯುತ್ತಾರೆ. ಬೀಡಿಂಗ್‌ನ ದುಂಡು ಭಾಗ ಹೊರಗೆ ಕಾಣುತ್ತದೆ, ಚಪ್ಪಟೆ ಭಾಗ ಒಳಗೆ ಸಿಕ್ಕಿಕೊಂಡಿರುತ್ತದೆ. ಸಂದು ಅಲುಗಿದರೂ ಬಣ್ಣ ಬಿರಿಯುವುದಿಲ್ಲ, ಒಂದು ಮಿಲಿಮೀಟರ್ ಓರೆಕೋರೆ ಇದ್ದರೂ ಬೀಡಿಂಗ್ ಅದನ್ನು ನುಂಗಿಕೊಳ್ಳುತ್ತದೆ, ನಾಳೆ ಮಡ್‌ಗಾರ್ಡ್ ಗುದ್ದಿ ಒಡೆದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ತಿರುವಿನಲ್ಲಿ ಬೀಡಿಂಗ್ ಸುಕ್ಕುಗಟ್ಟದಿರಲು ಅದರ ಚಪ್ಪಟೆ ಭಾಗಕ್ಕೆ ಅಲ್ಲಲ್ಲಿ ತ್ರಿಕೋನಾಕಾರದ ಕಚ್ಚು ಕತ್ತರಿಸಬೇಕು; ಬೋಲ್ಟು ಬರುವಲ್ಲಿಯೂ ಅರ್ಧವೃತ್ತದ ಕಚ್ಚು ಬೇಕು. ಬೀಡಿಂಗ್ ಕಂಡರೆ ಕಾರು ಹಳೆಯ ಕಾಲದ್ದೆನಿಸುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಒಡೆದ ಪುಟ್ಟಿಗಿಂತ ಹಳೆಯ ಕಾಲದ ನೋಟವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕೂರಿಸುವ ಕ್ರಮ

ತೆರೆದ ಸಂದುಗಳ ವಿಷಯದಲ್ಲಿ ಅಗಲಕ್ಕಿಂತ ಸಮತೆ ಮುಖ್ಯ. ಕಾರ್ಖಾನೆಯಲ್ಲಿ ತಯಾರಾದ ಇಂದಿನ ಕಾರುಗಳಲ್ಲಿ ಬಾಗಿಲಿನ ಸಂದು ಹೆಚ್ಚಾಗಿ 3ರಿಂದ 5 ಮಿಲಿಮೀಟರ್ ಇರುತ್ತದೆ. ಮನೆಯಲ್ಲಿ ಕಟ್ಟುವವರು 3 ಮಿಲಿಮೀಟರಿನ ಆಸೆ ಬಿಟ್ಟು, ಸುತ್ತಲೂ ಒಂದೇ ಸಮನಾದ 5 ಮಿಲಿಮೀಟರಿಗೆ ದುಡಿದರೆ ಕಣ್ಣಿಗೆ ಹೆಚ್ಚು ಚೆನ್ನಾಗಿ ಕಾಣುತ್ತದೆ. ಎರಡು ಅಂಚುಗಳು ಸಮಾನಾಂತರವಾಗಿದ್ದರೆ ಕಣ್ಣು ಅದನ್ನು ಗೆರೆ ಎಂದು ಓದಿಕೊಂಡು ಮುಂದೆ ಹೋಗುತ್ತದೆ. ಅಗಲ ಬದಲಾಗುತ್ತಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಬಣ್ಣಕ್ಕೂ ಜಾಗ ಬೇಕು. ಪ್ರೈಮರ್, ಉಜ್ಜಿ ಮಟ್ಟ ಮಾಡುವ ಸರ್ಫೇಸರ್ ಪದರ, ಬಣ್ಣ, ಮೇಲಿನ ಕ್ಲಿಯರ್ ಎಲ್ಲ ಸೇರಿ ಒಂದೊಂದು ಅಂಚಿಗೂ 0.2 ಮಿಲಿಮೀಟರಿನಷ್ಟು ಕೂಡಿದರೆ, ಎರಡೂ ಅಂಚು ಸೇರಿ ಸಂದು ಅರ್ಧ ಮಿಲಿಮೀಟರಿನಷ್ಟು ಕಿರಿದಾಗುತ್ತದೆ.

ಅಳತೆಗೆ ಸ್ಕೇಲು ಹಿಡಿಯುವುದಕ್ಕಿಂತ, 5 ಮಿಲಿಮೀಟರ್ ದಪ್ಪದ ಆಕ್ರಿಲಿಕ್ ಹಾಳೆಯಿಂದ ಬೆರಳುದ್ದದ ಪಟ್ಟಿಗಳನ್ನು ಕತ್ತರಿಸಿ ಸಂದಿನ ಸುತ್ತ ಸಿಕ್ಕಿಸುವುದು ಉತ್ತಮ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಇದರ ಚೂರುಗಳು ಸಿಗುತ್ತವೆ. ಪಟ್ಟಿ ಎಲ್ಲಿ ಸಡಿಲವಾಗಿ ಜಾರಿತು, ಎಲ್ಲಿ ಒಳಗೇ ಹೋಗಲಿಲ್ಲ ಎಂಬುದನ್ನು ಅಂಚಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತಿಸುತ್ತ ಹೋದರೆ ಇಡೀ ಬಾಗಿಲಿನ ನಕ್ಷೆ ಕಣ್ಣೆದುರಿಗೆ ಬರುತ್ತದೆ.

ಈ ಕೆಲಸವನ್ನು ಯಾವ ಸ್ಥಿತಿಯಲ್ಲಿ ಮಾಡಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಬರಿಯ ಚಾಸಿಗೆ ಬಾಡಿ ಕೂರಿಸಿ ಬಾಗಿಲ ಸಂದು ಸರಿಮಾಡಿದರೆ, ಎಂಜಿನ್ ಕೂರಿಸಿ ಚಕ್ರದ ಮೇಲೆ ನಿಲ್ಲಿಸಿದ ದಿನ ಅದು ಬದಲಾಗುತ್ತದೆ. ಮೇಲ್ಛಾವಣಿ ಇಲ್ಲದ ಕಾರು ನಡುವೆ ತುಸು ಕುಗ್ಗಿದಾಗ ಬಾಗಿಲಿನ ಮೇಲಂಚಿನ ಸಂದು ಕಿರಿದಾಗಿ ಕೆಳಗಿನದು ಅಗಲವಾಗುತ್ತದೆ. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಎಲ್ಲ ಅವುಗಳ ಜಾಗದಲ್ಲಿರುವಂತೆ, ಕಾರು ಸಮತಟ್ಟಾದ ನೆಲದಲ್ಲಿ ತನ್ನ ಚಕ್ರಗಳ ಮೇಲೆಯೇ ನಿಂತಿರುವಂತೆ ನೋಡಿಕೊಳ್ಳಬೇಕು. ಸೀಟಿನ ಜಾಗಕ್ಕೆ 25 ಕಿಲೋ ಅಕ್ಕಿಯ ಮೂರು ಚೀಲಗಳನ್ನು ಇಟ್ಟರೆ ಓಡಿಸುವವರ ತೂಕವೂ ಲೆಕ್ಕಕ್ಕೆ ಬಂದಂತಾಯಿತು. ಬಾಡಿಯನ್ನು ಚಾಸಿಗೆ ಬಿಗಿಯುವ ಎಲ್ಲ ಬೋಲ್ಟುಗಳ ಅಡಿಯಲ್ಲಿ ಪ್ಯಾಕಿಂಗ್ ಇಟ್ಟು, ಯಾವ ಮೂಲೆಯೂ ಎಳೆಸಿಕೊಂಡು ಕೂರದಂತೆ ನೋಡಬೇಕು. ಬಾಗಿಲ ಸಂದು ಸರಿಹೋಗದಿರುವುದಕ್ಕೆ ಬಾಗಿಲಿನ ದೋಷಕ್ಕಿಂತ ಬಾಡಿಯ ಒಂದು ಮೂಲೆಯಲ್ಲಿ ಎರಡು ವಾಷರ್ ಕಡಿಮೆಯಾಗಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಬಾಗಿಲಿನ ರಬ್ಬರ್ ಕೂಡ ಆಗಲೇ ಇರಬೇಕು. ಹೊಸ ರಬ್ಬರ್ ಗಡುಸಾಗಿದ್ದು ಬಾಗಿಲನ್ನು 2–3 ಮಿಲಿಮೀಟರ್ ಹೊರಗೆ ತಳ್ಳುತ್ತದೆ. ರಬ್ಬರ್ ಇಲ್ಲದೆ ಮಟ್ಟ ಮಾಡಿ ಬಣ್ಣ ಹೊಡೆಸಿ, ಕೊನೆಗೆ ರಬ್ಬರ್ ಹಾಕಿದವರ ಬಾಗಿಲುಗಳು ಬಾಡಿಯಿಂದ ಎದ್ದು ನಿಂತಿರುತ್ತವೆ, ಲಾಕ್ ಬೀಳಲು ಬಡಿಯಬೇಕಾಗುತ್ತದೆ.

ಇನ್ನು ಕ್ರಮ. ಸರಿಸಲು ಸಾಧ್ಯವೇ ಇಲ್ಲದ ಭಾಗದಿಂದ ಆರಂಭಿಸಿ ಸರಿಸಬಹುದಾದ ಭಾಗದ ಕಡೆಗೆ ಸಾಗಬೇಕು. ಹಿಂದಿನ ಮಡ್‌ಗಾರ್ಡ್ ಬಾಡಿಯೊಂದಿಗೆ ಒಂದಾಗಿ ಬಂದಿರುವ ಕಾರಿನಲ್ಲಿ ಅದಕ್ಕೆ ಹೊಂದುವಂತೆ ಬಾಗಿಲನ್ನು, ಬಾಗಿಲಿಗೆ ಹೊಂದುವಂತೆ ಮುಂದಿನ ಮಡ್‌ಗಾರ್ಡನ್ನು, ಕೊನೆಗೆ ಅವೆರಡರ ನಡುವೆ ಬಾನೆಟನ್ನು ಕೂರಿಸಬೇಕು. ಬಾನೆಟ್‌ನಿಂದ ಹೊರಟವರಿಗೆ ಎಲ್ಲ ಸಂದುಗಳ ತಪ್ಪೂ ಬಾಗಿಲಿನಲ್ಲಿ ಬಂದು ಸೇರುತ್ತದೆ. ಮಟ್ಟದ ವಿಷಯದಲ್ಲಿ ಗಾಳಿಯ ದಿಕ್ಕನ್ನು ನೆನಪಿಟ್ಟುಕೊಳ್ಳಬೇಕು: ಹಿಂದೆ ಬರುವ ಭಾಗದ ಮುಂದಂಚು ಅದರ ಮುಂದಿನ ಭಾಗಕ್ಕಿಂತ ಕೂದಲಷ್ಟು ಒಳಗಿರಬಹುದು, ಹೊರಗೆ ಚಾಚಿರಬಾರದು. ಚಾಚಿದರೆ ಗಾಳಿ ಅಲ್ಲಿ ಸಿಳ್ಳೆ ಹಾಕುತ್ತದೆ.

ಅಂಚನ್ನು ಕಟ್ಟುವುದು, ಕಡಿಯುವುದು

ಕಿಟ್‌ನ ಭಾಗಗಳು ಅಚ್ಚಿನಿಂದ ಬಂದ ಹಾಗೆಯೇ ಹೊಂದಿಕೊಳ್ಳುವುದು ಅಪರೂಪ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ 7–8ರಷ್ಟು ಕುಗ್ಗುತ್ತದೆ, ಅಚ್ಚಿನಿಂದ ತೆಗೆದ ಮೇಲೂ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಗಟ್ಟಿಯಾಗುತ್ತಲೇ ಇರುತ್ತದೆ. ಅಂಥ ಹಸಿ ಭಾಗದ ಮೇಲೆ ನುಣುಪು ಕೆಲಸ ಮಾಡಿ ಬಣ್ಣ ಹೊಡೆದರೆ ಮುಂದಿನ ಬೇಸಗೆಯಲ್ಲಿ ಒಳಗಿನ ಮ್ಯಾಟ್‌ನ ನಾರಿನ ಗುರುತು ಮೇಲೆ ಎದ್ದು ಕಾಣುತ್ತದೆ. ಈ ವಿಷಯದಲ್ಲಿ ಕಾಸರಗೋಡಿನವರು ಭಾಗ್ಯವಂತರು. ಅಡಿಕೆ ಒಣಗಿಸುವ ಅಂಗಳ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬಿಟ್ಟಿ ಒಲೆಯೇ ಸರಿ; ಬಾಡಿಯ ಭಾಗಗಳನ್ನು ಬೋಲ್ಟು ಬಿಗಿದ ಸ್ಥಿತಿಯಲ್ಲಿಯೇ ಕೆಲವು ವಾರ ಬಿಸಿಲಿಗಿಟ್ಟರೆ ಆಗಬೇಕಾದ ಕುಗ್ಗುವಿಕೆ, ಡೊಂಕಾಗುವಿಕೆ ಎಲ್ಲ ಕೆಲಸಕ್ಕೆ ಮೊದಲೇ ಆಗಿಹೋಗುತ್ತದೆ. ಬಿಚ್ಚಿ ನೆಲದ ಮೇಲೆ ಮಲಗಿಸಿ ಒಣಗಿಸಿದರೆ ಬಾಗಿಲು ನೆಲದ ಆಕಾರಕ್ಕೆ ಬಾಗೀತು.

ಸಂದು ಕಿರಿದಾಗಿರುವಲ್ಲಿ ಅರದಿಂದ ಅಥವಾ ಹಲಗೆಗೆ ಸುತ್ತಿದ 80 ನಂಬರಿನ ಉಜ್ಜುಕಾಗದದಿಂದ ಅಂಚನ್ನು ಇಳಿಸಬಹುದು. ಫೈಬರ್ ತೆಳುವಾಗಿ ಒಳಗಿನಿಂದ ಬೆಳಕು ಕಾಣತೊಡಗಿದರೆ ಹಿಂಬದಿಯಿಂದ ಇನ್ನೊಂದು ಪದರ ಮ್ಯಾಟ್ ಹಾಸಿದ ಮೇಲೆಯೇ ಮುಂದುವರಿಯಬೇಕು. ಸಂದು ಅಗಲವಾಗಿರುವಲ್ಲಿ ಅಂಚನ್ನು ಬೆಳೆಸಬೇಕಾಗುತ್ತದೆ, ಅದಕ್ಕೊಂದು ಸೊಗಸಾದ ವಿಧಾನವಿದೆ. ಎದುರಿನ ಭಾಗದ ಅಂಚಿಗೆ ಪಾರ್ಸೆಲ್ ಕಟ್ಟುವ ಕಂದು ಟೇಪನ್ನು ಸುಕ್ಕಿಲ್ಲದಂತೆ ಸುತ್ತಬೇಕು; ಪಾಲಿಯೆಸ್ಟರ್ ಇದಕ್ಕೆ ಅಂಟುವುದಿಲ್ಲ. 5 ಮಿಲಿಮೀಟರಿನ ಆಕ್ರಿಲಿಕ್ ಪಟ್ಟಿಗೂ ಅದೇ ಟೇಪು ಸುತ್ತಿ ಆ ಅಂಚಿಗೆ ಒತ್ತಿ ನಿಲ್ಲಿಸಬೇಕು. ಬೆಳೆಸಬೇಕಾದ ಅಂಚನ್ನು ಮೇಲಿನ ನುಣುಪು ಪದರವಾದ ಜೆಲ್ ಕೋಟ್ ಹೋಗಿ ಒಳಗಿನ ನಾರು ಕಾಣುವವರೆಗೆ ಉಜ್ಜಿ, ಗಾಜಿನ ನಾರು ಬೆರೆಸಿದ ಪುಟ್ಟಿಯನ್ನು ಪಟ್ಟಿಗೆ ತಾಗುವ ಹಾಗೆ ಒತ್ತಿ ತುಂಬಬೇಕು. ಪುಟ್ಟಿ ಪೂರ್ತಿ ಕಲ್ಲಾಗುವ ಮೊದಲು, ಚಾಕುವಿನಲ್ಲಿ ಕತ್ತರಿಸಿದರೆ ಗಿಣ್ಣಿನಂತೆ ಬರುವ ಹಂತದಲ್ಲಿ, ಮೇಲೆ ಉಬ್ಬಿದ್ದನ್ನು ಕೆತ್ತಿಬಿಡಬೇಕು. ಗಟ್ಟಿಯಾದ ಮೇಲೆ ಪಟ್ಟಿಯನ್ನು ಎಳೆದು ತೆಗೆದರೆ ಎದುರಿನ ಅಂಚಿಗೆ ಪಡಿಯಚ್ಚಾದ, ಎಲ್ಲೆಡೆ ಒಂದೇ ಅಗಲದ ಸಂದು ಉಳಿದಿರುತ್ತದೆ. 3 ಮಿಲಿಮೀಟರಿಗಿಂತ ಹೆಚ್ಚು ಬೆಳೆಸಬೇಕಾಗಿದ್ದರೆ ಪುಟ್ಟಿಯನ್ನು ನಂಬದೆ ಹಿಂಬದಿಯಿಂದ ಮ್ಯಾಟ್ ಮತ್ತು ರೆಸಿನ್ ಹಾಕಿ ಬಲಪಡಿಸಬೇಕು, ಇಲ್ಲವಾದರೆ ಬಾಗಿಲು ಬಡಿದ ಒಂದು ದಿನ ಅಂಚು ಚಕ್ಕೆಯಾಗಿ ಉದುರುತ್ತದೆ.

ಕೊನೆಗೆ ಅಂಚಿನ ಮೂಲೆಯನ್ನು ಉರುಟು ಮಾಡಬೇಕು. ಚೂಪಾದ ಅಂಚಿನಿಂದ ಹಸಿ ಬಣ್ಣ ಹಿಂದೆ ಸರಿದುಕೊಳ್ಳುವುದರಿಂದ ಅಲ್ಲಿ ಪದರ ತೆಳುವಾಗಿ, ಮೊದಲು ಸವೆಯುವುದೂ ಅಲ್ಲೇ. ಬ್ರಿಟನ್ನಿನಲ್ಲಿ ಇಂಥ ಕಾರುಗಳಿಗೆ ನಡೆಸುವ ಐವಿಎ ಪರೀಕ್ಷೆಯಲ್ಲಿ ದಾರಿಹೋಕರಿಗೆ ತಾಗಬಹುದಾದ ಹೊರ ಅಂಚುಗಳ ತ್ರಿಜ್ಯ ಕನಿಷ್ಠ 2.5 ಮಿಲಿಮೀಟರ್ ಇರಬೇಕೆಂಬ ನಿಯಮವಿದೆ. ಸಂದಿನ ಅಂಚುಗಳಿಗೆ 1.5ರಿಂದ 2 ಮಿಲಿಮೀಟರ್ ಸಾಕು. ಆದರೆ ಎರಡೂ ಬದಿಯಲ್ಲಿ ಒಂದೇ ಉರುಟು ಇರಬೇಕು. ಒಂದು ಬದಿ ಚೂಪು, ಇನ್ನೊಂದು ಬದಿ ದುಂಡು ಆದರೆ ಅಗಲ ಸಮನಾಗಿದ್ದರೂ ಸಂದು ಓರೆಯಾಗಿ ಕಾಣುತ್ತದೆ.

ಶಾಶ್ವತವಾಗಿ ಬೆಸೆಯುವ ಸಂದು

ಎರಡು ಫೈಬರ್ ತುಂಡುಗಳನ್ನು ಒಂದಾಗಿಸಿ, ಬಣ್ಣದ ಕೆಳಗೆ ಗುರುತೇ ಇಲ್ಲದಂತೆ ಮಾಡುವುದು ಈ ಎಲ್ಲದರಲ್ಲಿ ಅತಿ ಕಷ್ಟದ್ದು. ಮೊದಲಿಗೆ ಅಚ್ಚಿನಿಂದ ಅಂಟಿಕೊಂಡು ಬಂದ ಮೇಣವನ್ನು ಸೋಪಿನ ನೀರಿನಿಂದಲೂ ಅಸಿಟೋನ್‌ನಿಂದಲೂ ಒರೆಸಿ ತೆಗೆಯಬೇಕು. ಒರೆಸದೆ ಉಜ್ಜಿದರೆ ಮೇಣ ಗೀರುಗಳೊಳಕ್ಕೆ ಇಳಿದು, ಮುಂದೆ ಬಳಿಯುವ ಯಾವುದೂ ಅಲ್ಲಿ ಹಿಡಿಯುವುದಿಲ್ಲ. ಎರಡು ತುಂಡುಗಳನ್ನು ತಗಡಿನ ಪಟ್ಟಿ ಮತ್ತು ಸ್ಕ್ರೂಗಳಿಂದ ತಾತ್ಕಾಲಿಕವಾಗಿ ಮಟ್ಟ ಮಾಡಿ ಹಿಡಿದು, ಮೊದಲು ಒಳಬದಿಯಿಂದ ಬೆಸೆಯಬೇಕು. ಒಳಗಿನ ಮೇಲ್ಮೈಯನ್ನು ಒರಟಾಗಿ ಉಜ್ಜಿ, ಚದರ ಮೀಟರಿಗೆ 300 ಅಥವಾ 450 ಗ್ರಾಮ್ ತೂಗುವ ಮ್ಯಾಟ್‌ನ ಪಟ್ಟಿಗಳನ್ನು ಒಂದಕ್ಕಿಂತ ಒಂದು ಅಗಲವಾಗಿರುವಂತೆ ಪದರಪದರವಾಗಿ ಹಾಸಬೇಕು. ಅದು ಗಟ್ಟಿಯಾದ ಮೇಲೆ ಸ್ಕ್ರೂ ತೆಗೆದು ಹೊರಬದಿಗೆ ಬರಬೇಕು.

ಹೊರಬದಿಯಲ್ಲಿ ಸಂದಿನ ಗೆರೆಯೊಳಗಷ್ಟೇ ಪುಟ್ಟಿ ತುಂಬುವುದು ಸಾಮಾನ್ಯ ಅಭ್ಯಾಸ. ಹೊಡೆದ ದಿನ ಬಣ್ಣ ಕನ್ನಡಿಯಂತಿರುತ್ತದೆ. ಕೆಲವು ತಿಂಗಳು ಬಿಸಿಲು ಕಂಡ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಹಳೆಯ ಸಂದಿನ ಗುರುತು ನೆರಳಿನಂತೆ ಮೇಲೆ ಬರುತ್ತದೆ. ಸಂದಿನಲ್ಲಿರುವ ವಸ್ತು ಅಕ್ಕಪಕ್ಕದ ಫೈಬರ್‌ಗಿಂತ ಬೇರೆ ಪ್ರಮಾಣದಲ್ಲಿ ಕುಗ್ಗುವುದು, ಹಿಗ್ಗುವುದು ಇದಕ್ಕೆ ಕಾರಣ. ಆ ವ್ಯತ್ಯಾಸವನ್ನು ಒಂದು ಗೆರೆಯಲ್ಲಿ ನಿಲ್ಲಿಸದೆ ಅಗಲಕ್ಕೆ ಹರಡುವುದೇ ಪರಿಹಾರ. ಫೈಬರ್ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಕೊರೆಯುವುದು ದುರಸ್ತಿಯಲ್ಲಿ ರೂಢಿಯಲ್ಲಿರುವ ಲೆಕ್ಕ: 3 ಮಿಲಿಮೀಟರ್ ದಪ್ಪದ ಫೈಬರ್ ಆದರೆ ಸಂದಿನ ಎರಡೂ ಬದಿಗೆ 36 ಮಿಲಿಮೀಟರ್. ಗ್ರೈಂಡರ್‌ನಲ್ಲಿ ಈ ತಗ್ಗನ್ನು ಮಾಡಿ, ಅದನ್ನು ಮ್ಯಾಟ್ ಮತ್ತು ರೆಸಿನ್‌ನಿಂದಲೇ ಬಹುಮಟ್ಟಿಗೆ ತುಂಬಿ, ಪುಟ್ಟಿಗೆ ಒಂದು ಮಿಲಿಮೀಟರಿನಷ್ಟು ಕೆಲಸ ಮಾತ್ರ ಉಳಿಸಬೇಕು. ಅದರ ನಂತರ ಮತ್ತೆ ಬಿಸಿಲಿಗಿಡಬೇಕು. ಇಷ್ಟು ತಾಳ್ಮೆ ಇಲ್ಲವೆನಿಸಿದರೆ ಸಂದನ್ನು ಮುಚ್ಚುವ ಯೋಚನೆಯನ್ನೇ ಬಿಟ್ಟು, ಅಲ್ಲೊಂದು ನೇರವಾದ ಗೆರೆಯನ್ನು ಉಳಿಸುವುದು ಮರ್ಯಾದೆಯ ದಾರಿ.

ರೆಸಿನ್ ಬೆರೆಸುವಾಗಿನ ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ರೆಸಿನ್ ಜತೆಗೆ ಎರಡು ಸಣ್ಣ ಬಾಟಲಿಗಳನ್ನು ಕೊಡುವುದುಂಟು: ಗಟ್ಟಿಯಾಗುವುದನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ಬಣ್ಣವಿಲ್ಲದ ಹಾರ್ಡ್‌ನರ್, ಅಂದರೆ ಎಂಇಕೆಪಿ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟಿಸಲೂಬಹುದು. ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡ್‌ನರ್ ಸೇರಿಸಬೇಕು. ಹಾರ್ಡ್‌ನರ್ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1ರಿಂದ 2. ನಮ್ಮ ಸೆಕೆಯಲ್ಲಿ 1ರ ಹತ್ತಿರವಿದ್ದರೆ ಕೆಲಸಕ್ಕೆ ಸಮಯ ಸಿಗುತ್ತದೆ. ಅದಕ್ಕಿಂತ ಕಡಿಮೆ ಮಾಡಿದರೆ ರೆಸಿನ್ ಎಂದೂ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯವಿರುವುದರಿಂದ ಕನ್ನಡಕ ಕಡ್ಡಾಯ. ಫೈಬರ್ ಉಜ್ಜುವಾಗಿನ ಧೂಳಿಗೆ ಎನ್95 ಮಾಸ್ಕ್ ಸಾಲುತ್ತದೆ; ರೆಸಿನ್‌ನ ಆವಿಯನ್ನು ಅದು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಡಬ್ಬಿಯಿರುವ ಮಾಸ್ಕ್ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನು ಮುಂದೂಡುವುದೇ ಲೇಸು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಮ್ಯಾಟ್ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ, ತೇವದ ಮ್ಯಾಟ್‌ಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಪುಟ್ಟಿಯಲ್ಲಿರುವ ಪುಡಿಯೂ ನೀರು ಹೀರುತ್ತದೆ. ಮೇಲೆ ಬಣ್ಣ ಹೊಡೆಯದ ಪುಟ್ಟಿಯನ್ನು ನೀರು ಹಾಕಿ ಉಜ್ಜಿದರೆ, ಅಥವಾ ಮಳೆಗಾಲದಲ್ಲಿ ಪ್ರೈಮರ್ ಇಲ್ಲದೆ ದಿನಗಟ್ಟಲೆ ಬಿಟ್ಟರೆ, ಒಳಗೆ ಉಳಿದ ತೇವ ಮುಂದೆ ಬಣ್ಣದ ಕೆಳಗೆ ಗುಳ್ಳೆಯಾಗಿ ಏಳುತ್ತದೆ. ಪುಟ್ಟಿಯನ್ನು ಒಣಗಾಗಿಯೇ ಉಜ್ಜಬೇಕು. ವಾಟರ್ ಪೇಪರ್ ಹಿಡಿಯುವುದು ಸರ್ಫೇಸರ್ ಹೊಡೆದ ಮೇಲೆ.

ಉಜ್ಜುವುದು, ಬಣ್ಣ, ನೀರಿನ ದಾರಿ

ಉಜ್ಜುವಾಗ ಬಾಗಿಲು ಮುಚ್ಚಿರಬೇಕು. ಕೈಯಷ್ಟು ಉದ್ದದ ಹಲಗೆಗೆ ಕಾಗದ ಸುತ್ತಿ, ಬಾಗಿಲು ಮತ್ತು ಬಾಡಿ ಎರಡರ ಮೇಲೂ ಒಟ್ಟಿಗೆ ಓಡುವಂತೆ, ಸಂದಿಗೆ ಓರೆಯಾಗಿ ಎಳೆಯಬೇಕು. ಸಂದಿನ ಗುಂಟ ಉಜ್ಜಿದರೆ ಅಂಚಿನ ಪಕ್ಕದಲ್ಲಿ ಕಾಲುವೆಯಂಥ ತಗ್ಗು ಬೀಳುತ್ತದೆ. ಪುಟ್ಟಿಯ ಮೇಲೆ 80, 120, 180 ನಂಬರಿನ ಕಾಗದ. ಸರ್ಫೇಸರ್ ಮೇಲೆ 320, ನಂತರ 600. ಪ್ರತಿ ಸುತ್ತಿಗೂ ಮೊದಲು ಕಪ್ಪು ಸ್ಪ್ರೇ ಬಣ್ಣವನ್ನು ದೂರದಿಂದ ತೆಳುವಾಗಿ ಸಿಂಪಡಿಸಿ ಉಜ್ಜಿದರೆ, ಕಪ್ಪು ಉಳಿದದ್ದು ತಗ್ಗು, ಬೇಗ ಹೋದದ್ದು ಉಬ್ಬು ಎಂದು ಸ್ಪಷ್ಟವಾಗುತ್ತದೆ. ಕತ್ತಲಾದ ಮೇಲೆ ಟ್ಯೂಬ್‌ಲೈಟನ್ನು ಬಾಡಿಯ ಪಕ್ಕದಲ್ಲಿ ಹಿಡಿದು, ಮಂಡಿಯೂರಿ ಕುಳಿತು, ಒದ್ದೆ ಮಾಡಿದ ಸರ್ಫೇಸರ್‌ನಲ್ಲಿ ಅದರ ಪ್ರತಿಬಿಂಬವನ್ನು ನೋಡಬೇಕು. ಬಾಗಿಲಿನಿಂದ ಮಡ್‌ಗಾರ್ಡ್‌ಗೆ ದಾಟುವಾಗ ಬೆಳಕಿನ ಗೆರೆ ಮುರಿಯದೆ ಸಾಗಿದರೆ ಮಟ್ಟ ಸರಿಯಿದೆ. ಹಗಲಿನಲ್ಲಿ ಕೈಗೂ ಕಣ್ಣಿಗೂ ಸಿಗದ ದೋಷ ಈ ಒಂದು ಗೆರೆಯಲ್ಲಿ ಸಿಕ್ಕಿಬೀಳುತ್ತದೆ.

ಬಣ್ಣದ ಆಯ್ಕೆಯೂ ಸಂದಿಗೆ ಸಂಬಂಧಪಟ್ಟದ್ದೇ. ಬಿಳಿಯ ಕಾರಿನಲ್ಲಿ ಸಂದು ಕಪ್ಪು ಗೆರೆಯಾಗಿ ಎದ್ದು ಕಾಣುವುದರಿಂದ ಅಗಲದ ಏರುಪೇರು ಮುಚ್ಚಿಡಲಾಗದು, ಮೇಲ್ಮೈಯ ಅಲೆಗಳು ಮಾತ್ರ ಅಡಗುತ್ತವೆ. ಕಪ್ಪು ಕಾರಿನಲ್ಲಿ ಇದಕ್ಕೆ ತದ್ವಿರುದ್ಧ. ತಮ್ಮ ಕೆಲಸದಲ್ಲಿ ಯಾವ ಕುಂದು ಹೆಚ್ಚಿದೆ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಂಡು ಬಣ್ಣ ಆರಿಸುವುದು ಜಾಣತನ. ಬಣ್ಣ ಹೊಡೆಯುವ ಮೊದಲು ಬಾಗಿಲು, ಬಾನೆಟ್ ಬಿಚ್ಚಬೇಕಾಗುತ್ತದೆ; ಬಿಚ್ಚುವುದಕ್ಕೆ ಮುನ್ನ ಹಿಂಜ್‌ಗಳ ಜಾಗವನ್ನು ಸಣ್ಣ ರಂಧ್ರ ಕೊರೆದು ಗುರುತಿಸಿ, ಯಾವ ಬೋಲ್ಟಿನ ಅಡಿಯಲ್ಲಿ ಎಷ್ಟು ವಾಷರ್ ಇತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಒಳಬದಿಯ ಸಂದುಗಳಿಗೆ ಪಾಲಿಯುರಿಥೇನ್ ಸೀಲಂಟ್ ಹಚ್ಚಬೇಕು. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಕರಾವಳಿಯ ಹವೆ ಇದೊಂದು ಕೆಲಸಕ್ಕೆ ಅನುಕೂಲ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಲಂಟ್ ಎಳೆದು, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ, ಹಸಿಯಿರುವಾಗಲೇ ಟೇಪ್ ಕಿತ್ತರೆ ಅಂಚು ಗೀಟಿನಂತೆ ನಿಲ್ಲುತ್ತದೆ. ಸಿಲಿಕೋನ್ ಮಾತ್ರ ಶೆಡ್ಡಿನೊಳಗೇ ಬರಬಾರದು: ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದು ತಾಗಿದ ಕೈ ಮುಟ್ಟಿದ ಕಡೆಯಲ್ಲೆಲ್ಲ ಬಣ್ಣ ಮೀನಿನ ಕಣ್ಣಿನಂಥ ಕುಳಿಗಳಾಗಿ ಒಡೆಯುತ್ತದೆ. ಅಲ್ಯೂಮಿನಿಯಂ ತಗಡನ್ನು ಉಕ್ಕಿನ ಚಾಸಿಗೆ ರಿವೆಟ್ ಮಾಡುವವರು ಇವೆರಡರ ನಡುವೆ ಸೀಲಂಟ್ ಪದರವನ್ನು ತಪ್ಪಿಸಲೇಬಾರದು. ಉಪ್ಪುಗಾಳಿಯಲ್ಲಿ ಎರಡು ಲೋಹಗಳು ನೇರವಾಗಿ ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ, ತಗಡು ಉಬ್ಬಿ ಸಂದು ಬಾಯಿ ಬಿಡುತ್ತದೆ.

ತೆರೆದ ಸಂದಿನೊಳಗೆ ಮಳೆಯ ನೀರು ಬಂದೇ ಬರುತ್ತದೆ, ಅದನ್ನು ಪೂರ್ತಿ ತಡೆಯಲು ಯಾವ ಕಾರ್ಖಾನೆಯ ಕಾರಿನಿಂದಲೂ ಆಗಿಲ್ಲ. ಬಂದ ನೀರು ರಬ್ಬರ್‌ನ ಹೊರಗಡೆಯೇ ಇಳಿದು ಹೋಗಲು ದಾರಿ ಇರಬೇಕು: ಬಾನೆಟ್‌ನ ಹಿಂದಂಚಿನ ಕೆಳಗೆ ಒಂದು ಕಾಲುವೆ, ಬಾಗಿಲಿನ ತಳದಲ್ಲಿ 8 ಮಿಲಿಮೀಟರಿನ ಎರಡು ಮೂರು ರಂಧ್ರ. ಬಣ್ಣ ಹೊಡೆಯುವವರು ಈ ರಂಧ್ರಗಳನ್ನು ದೋಷವೆಂದು ತಿಳಿದು ಪುಟ್ಟಿ ತುಂಬಿ ಮುಚ್ಚಿಬಿಡುವುದುಂಟು, ಮೊದಲೇ ತಿಳಿಸಿಟ್ಟಿರಬೇಕು. ಎಲ್ಲ ಜೋಡಿಸಿದ ಮೇಲೆ ಬಕೆಟಿನಿಂದ ನೀರು ಸುರಿದು, ಒಳಗೆ ಒಬ್ಬರು ಟಾರ್ಚ್ ಹಿಡಿದು ಕುಳಿತು ನೋಡಿದರೆ ಸೋರುವ ಜಾಗ ತಿಳಿಯುತ್ತದೆ. ರಬ್ಬರ್ ಮೆತ್ತಗಾಗಿ ಬಾಗಿಲು ತುಸು ಒಳಗೆ ಕೂರುವುದಕ್ಕೂ, ಬಾಡಿಯ ಬೋಲ್ಟುಗಳು ಸ್ವಲ್ಪ ಸಡಿಲಾಗುವುದಕ್ಕೂ ಒಂದು ಮಳೆಗಾಲ ಬೇಕು. ಸೋಣ ಕಳೆದು ಬಿಸಿಲು ಬಿದ್ದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿದು, ಅದೇ 5 ಮಿಲಿಮೀಟರಿನ ಪಟ್ಟಿಯಿಂದ ಸಂದುಗಳನ್ನು ಇನ್ನೊಮ್ಮೆ ಅಳೆದು, ಬಾಗಿಲ ಲಾಕಿನ ಕೊಂಡಿಯನ್ನು ಬೇಕಾದಷ್ಟು ಹೊರಕ್ಕೆ ಸರಿಸಿಕೊಳ್ಳಬೇಕು.